ಏಳನೇ ಬಂದರಿನ ಸ್ವಯಂಸೇವಕ ಪ್ರತಿನಿಧಿ

ಸಿಹಿನೀರಿನ ಮನರಂಜನಾ ದೋಣಿವಿಹಾರ ಸಂಘದ ಸರ್ವಸದಸ್ಯರ ಸಭೆಯು, ಸರೋವರದ ಸುತ್ತಲಿನ ಹನ್ನೊಂದು ಬಂದರುಗಳಿಗೂ ಒಬ್ಬೊಬ್ಬ ಸ್ವಯಂಸೇವಕ ಪ್ರತಿನಿಧಿಯನ್ನು ನೇಮಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು. ಬಂದರು ಎಂದರೆ ಹಡಗು ನಿಲ್ಲುವ ಜಾಗವೆಂದು ಯಾರೂ ತಪ್ಪು ತಿಳಿಯಬಾರದು. ನೀರಿಗೆ ನಾಲ್ಕು ಗೂಟ ಹೊಡೆದು, ಮೇಲೆ ಹಲಗೆ ಹಾಸಿ, ನಂಬರು ಬರೆದರೆ ಸಂಘದ ನಿಯಮಾವಳಿ ಪ್ರಕಾರ ಅದೇ ಬಂದರು. ಹಾಗೆಯೇ ಸ್ವಯಂಸೇವಕ ಎಂದರೆ ತಾನಾಗಿ ಮುಂದೆ ಬಂದವನಲ್ಲ. ನೇಮಕದ ದಿನ ಸಭೆಗೆ ಬಾರದೆ ಉಳಿದವನು.

ಏಳನೇ ಬಂದರಿನ ಪಕ್ಕದ ಮನೆಯಲ್ಲಿದ್ದ ದರ್ಜಿ ಅಂದು ಜ್ವರ ಬಂದು ಮಲಗಿದ್ದ. ಜ್ವರ ಬಿಟ್ಟು ಎದ್ದು ಮುಖ ತೊಳೆಯುವಷ್ಟರಲ್ಲಿ ಪ್ರತಿನಿಧಿಯಾಗಿದ್ದ. ಬಾಗಿಲಿಗೆ ಒಂದು ನೀಲಿ ಟೋಪಿ, ಒಂದು ಬಿಲ್ಲೆ, ಬಂದ ಅತಿಥಿಗಳ ಸಹಿ ಹಾಕಿಸಿಕೊಳ್ಳಲು ಒಂದು ಸ್ವಾಗತ ಪುಸ್ತಕ ಬಂದವು.

ಅವನ ಅಣ್ಣ ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ನೋಡಿದ. "ಟೋಪಿ ಹಾಕಿದ್ರಾ? ಹಾಕಿಸಿಕೊಂಡ್ಯಾ?" ಎಂದ.

ದರ್ಜಿಗೆ ಬೇಸರವಾಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಮೂವತ್ತು ವರ್ಷ ಬೆನ್ನು ಬಗ್ಗಿಸಿದವನಿಗೆ ಮೊದಲ ಸಲ ನಿಂತು ಮಾಡುವ ಕೆಲಸ ಸಿಕ್ಕಿತ್ತು. ಅದೂ ಅಲ್ಲದೆ ಅವನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಏಳನೇ ಬಂದರಿನಿಂದ ಇಪ್ಪತ್ತು ಮಾರು ದೂರದಲ್ಲಿ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ, ಎಮ್ಮೆ ಮಲಗಿದಂಥ ಒಂದು ಬಂಡೆಯಿತ್ತು. ಅಣ್ಣನ ಬಲಮೊಣಕಾಲು ಪುಡಿಯಾದದ್ದು ಅದರ ಮೇಲೆಯೇ. ಅಂದು ಚುಕ್ಕಾಣಿ ಹಿಡಿದಿದ್ದವನು ದರ್ಜಿ. ಅಣ್ಣ ಆ ವಿಷಯವನ್ನು ಇವತ್ತಿನವರೆಗೂ ಒಮ್ಮೆಯೂ ಎತ್ತಿರಲಿಲ್ಲ. ಎತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನವೇ ದರ್ಜಿ ಅರ್ಜಿ ಬರೆದುಕೊಂಡು ಸಂಘದ ಕಚೇರಿಗೆ ಹೋದ. ದೋಣಿಯವರಿಗೆ ಎಚ್ಚರಿಕೆಯಾಗಿ ಬಂಡೆಯ ಪಕ್ಕ ಒಂದು ಕೆಂಪು ತೇಲುಗುಂಡು ಕಟ್ಟಿಸಿಕೊಡಿ ಎಂದಷ್ಟೇ ಅರ್ಜಿ. ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, ಗೋಡೆಯ ಮೇಲಿದ್ದ ಸರೋವರದ ನಕ್ಷೆಯತ್ತ ತಿರುಗಿದರು.

"ನಕ್ಷೆಯಲ್ಲಿ ಬಂಡೆ ಇಲ್ವಲ್ಲ."

"ನೀರಲ್ಲಿದೆ ಸಾರ್."

"ನೀರಲ್ಲಿ ಏನು ಬೇಕಾದ್ರೂ ಇರಬಹುದು. ನಾವು ಪ್ರವಾಸಿಗಳಿಗೆ ಕೊಡೋದು ನಕ್ಷೆ, ನೀರಲ್ಲ. ಈ ನಕ್ಷೆ ಬರೆದೋರು ಅಧ್ಯಕ್ಷರ ಅಳಿಯ. ಅವರು ಒಂದು ಬಂಡೆ ಬಿಟ್ಟಿದ್ದಾರೆ ಅಂತ ನೀವು ಬರೆದು ಕೊಡ್ತೀರಾ?"

"ನನ್ನ ಅಣ್ಣನ ಕಾಲು ಹೋಗಿದ್ದೇ ಅಲ್ಲಿ ಸಾರ್."

"ನಿಮ್ಮ ಅಣ್ಣ ಸದಸ್ಯರಾ?"

"ಅಲ್ಲ."

"ಹಾಗಾದ್ರೆ ಅದು ಖಾಸಗಿ ಕಾಲು," ಎಂದ ಕಾರ್ಯದರ್ಶಿ ನಿಯಮಾವಳಿ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರು. "ನೋಡಿ, ನಿಯಮ ಹದಿನಾಲ್ಕು. ನೀರಿನಡಿಯ ಅಡಚಣೆಗಳನ್ನು, ಅವುಗಳಿಗೆ ಖುದ್ದಾಗಿ ಡಿಕ್ಕಿ ಹೊಡೆದ ಅತಿಥಿಗಳು ಮಾತ್ರ ವರದಿ ಮಾಡತಕ್ಕದ್ದು. ನೀವು ಪ್ರತಿನಿಧಿ, ಅತಿಥಿ ಅಲ್ಲ. ಯಾರಾದ್ರೂ ಹೊಡೆಯೋವರೆಗೆ ಕಾಯಿರಿ. ಅವಸರ ಯಾಕೆ?"

ದರ್ಜಿ ಮನೆಗೆ ಬಂದು ಕತ್ತರಿ ಹಿಡಿದ. ಒಂದು ಗಜ ಕೆಂಪು ಬಟ್ಟೆಗೆ ಅಂಚು ಹೊಲಿದು, ಬಿದಿರಿಗೆ ಕಟ್ಟಿ, ತನ್ನ ಪುಟ್ಟ ದೋಣಿಯಲ್ಲಿ ಹೋಗಿ ಬಂಡೆಯ ಸಂದಿಯಲ್ಲಿ ನೆಟ್ಟು ಬಂದ. ಮೂರನೇ ದಿನ ಸಂಘದ ಇಬ್ಬರು ನೌಕರರು ಬಂದು ಅದನ್ನು ಕಿತ್ತುಕೊಂಡು ಹೋದರು. ಅದರ ಬದಲಿಗೆ ಬಂದರಿನ ಗೂಟಕ್ಕೆ ಒಂದು ಪ್ರಕಟಣೆ ಅಂಟಿಸಿದರು.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಲ್ಲದ ಬಂಡೆಯ ಮೇಲೆ ಅನಧಿಕೃತ ಬಣ್ಣದ ಬಟ್ಟೆ ನೆಟ್ಟು ಸರೋವರದ ಸೌಂದರ್ಯಕ್ಕೆ ಕುಂದು ತಂದ ಅಪರಿಚಿತ ವ್ಯಕ್ತಿಯನ್ನು ಪತ್ತೆಹಚ್ಚುವ ಹೊಣೆಯನ್ನು ಏಳನೇ ಬಂದರಿನ ಪ್ರತಿನಿಧಿಗೆ ವಹಿಸಲಾಗಿದೆ."

"ಪತ್ತೆ ಆಯ್ತಾ?" ಎಂದು ಅಣ್ಣ ದಿನಾ ಸಂಜೆ ಕೇಳುತ್ತಿದ್ದ.

"ಹುಡುಕ್ತಾ ಇದೀನಿ," ಎನ್ನುತ್ತಿದ್ದ ದರ್ಜಿ.

ಅದಾಗಿ ಹತ್ತು ದಿನಕ್ಕೆ ಮೊದಲ ಅತಿಥಿ ಬಂದರು. ಹಲ್ಲಿನ ವೈದ್ಯರು, ಜೊತೆಗೆ ಅವರ ಹೆಂಡತಿ, ಹೊಚ್ಚಹೊಸ ಬಿಳಿ ದೋಣಿ. ಅವರು ನೇರ ಬಂಡೆಯತ್ತಲೇ ಬರುವುದನ್ನು ಕಂಡ ದರ್ಜಿ ಟೋಪಿ ಕಿತ್ತು ಎರಡೂ ಕೈಯಲ್ಲಿ ಬೀಸಿದ, ಕಿರುಚಿದ, ಹಲಗೆಯ ಮೇಲೆ ಕುಣಿದ. ಇಷ್ಟು ಆತ್ಮೀಯವಾದ ಸ್ವಾಗತವನ್ನು ವೈದ್ಯರು ಬೇರೆ ಯಾವ ಬಂದರಿನಲ್ಲೂ ಕಂಡಿರಲಿಲ್ಲ. ಅವರೂ ಟೋಪಿ ಬೀಸಿ, ವೇಗ ಹೆಚ್ಚಿಸಿದರು.

ದೋಣಿಯ ತಳ ಸೀಳಿತು. ವೈದ್ಯರು ಒಂದು ಕಡೆ, ಹೆಂಡತಿ ಒಂದು ಕಡೆ ನೀರಿಗೆ ಬಿದ್ದರು. ದರ್ಜಿ ಸ್ವಾಗತ ಪುಸ್ತಕವನ್ನು ಅಲ್ಲೇ ಬಿಸಾಡಿ ದೋಣಿ ಹಾಕಿದ. ಮುಳುಗುತ್ತಿದ್ದ ಆಯಮ್ಮನ ಜಡೆ ಕೈಗೆ ಸಿಕ್ಕಿತು. ಎಳೆದು ಮೇಲೆ ಹಾಕಿಕೊಂಡ, ಹಿಂದೆಯೇ ವೈದ್ಯರನ್ನೂ ಎತ್ತಿಕೊಂಡ. ಆಯಮ್ಮನ ಮಣಿಕಟ್ಟು ಮುರಿದಿತ್ತು, ಉಸಿರಿತ್ತು. ಮನೆಗೆ ತಂದು ದರ್ಜಿ ಕಂಬಳಿ ಹೊದಿಸಿದ. ಅಣ್ಣ ಕುಂಟುತ್ತಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

ಇನ್ನಾದರೂ ಬಂಡೆ ಇದೆಯೆಂದು ಒಪ್ಪುತ್ತಾರೆ ಎಂದುಕೊಂಡು ದರ್ಜಿ ವೈದ್ಯರು ಬರೆದುಕೊಟ್ಟ ಡಿಕ್ಕಿಯ ವರದಿ ಹಿಡಿದು ಕಚೇರಿಗೆ ಓಡಿದ. ಅಲ್ಲಿ ಅವನಿಗಾಗಿ ಕಾರಣ ಕೇಳುವ ನೋಟೀಸು ಸಿದ್ಧವಾಗಿತ್ತು. ಈ ಸಲ ಅಧ್ಯಕ್ಷರೇ ಕೂತಿದ್ದರು.

"ಸ್ವಾಗತ ಪುಸ್ತಕದಲ್ಲಿ ಅವರ ಸಹಿ ಎಲ್ಲಿ?"

"ಮುಳುಗ್ತಾ ಇದ್ರು ಸಾರ್."

"ಇಬ್ಬರೂ?"

"ಇಬ್ಬರೂ."

"ಒಬ್ಬರಾದ್ರೂ ಸಹಿ ಹಾಕಬಹುದಿತ್ತು," ಎಂದರು ಅಧ್ಯಕ್ಷರು ನೊಂದ ದನಿಯಲ್ಲಿ. "ಸಹಿ ಹಾಕದವರು ಅತಿಥಿಗಳಲ್ಲ. ಅತಿಥಿಗಳಲ್ಲದವರು ಹೊಡೆದ ಬಂಡೆ ಬಂಡೆ ಅಲ್ಲ. ನೀವು ಮೊದಲು ಪುಸ್ತಕ ಹಿಡಿದು, ಆಮೇಲೆ ಅವರನ್ನ ಹಿಡಿದಿದ್ರೆ ಈಗ ನಿಮ್ಮ ತೇಲುಗುಂಡು ಮಂಜೂರಾಗಿರೋದು. ನಿಮ್ಮ ಅವಸರದಿಂದ ನಿಮ್ಮ ಕೆಲಸವೇ ಕೆಟ್ಟಿತು."

ಸೀಳಿದ ದೋಣಿ ದುರಸ್ತಿಗೆ ಹೋಯಿತು. ಸರೋವರದ ದಂಡೆಯಲ್ಲಿ ಇದ್ದದ್ದು ಒಂದೇ ದುರಸ್ತಿ ಕೊಟ್ಟಿಗೆ, ಅಧ್ಯಕ್ಷರ ಷಡ್ಡಕನದು. ನೊಣ ಹೊಡೆಯುತ್ತಿದ್ದ ಆ ಮನುಷ್ಯನಿಗೆ ಬಹುದಿನದ ಮೇಲೆ ಸುತ್ತಿಗೆ ಹಿಡಿಯುವ ಭಾಗ್ಯ ಬಂತು. ಮುಂದಿನ ವಾರ ಸಂಘದ ಹೊಸ ಜಾಹೀರಾತಿನಲ್ಲಿ "ಏಳನೇ ಬಂದರನ್ನು ತಪ್ಪದೆ ಸಂದರ್ಶಿಸಿ" ಎಂಬ ಸಾಲು ಸೇರಿತು.

ಜನ ಸಂದರ್ಶಿಸಿದರು. ಆ ಋತುವಿನಲ್ಲಿ ಹದಿನೇಳು ದೋಣಿಗಳು ಬಂದವು, ಹದಿನಾರು ಬಂಡೆಗೆ ಬಡಿದವು. ಹದಿನೇಳನೆಯದು ದಾರಿ ತಪ್ಪಿ ಎಂಟನೇ ಬಂದರಿಗೆ ಸುರಕ್ಷಿತವಾಗಿ ತಲುಪಿತು. ದರ್ಜಿ ಹಗಲೆಲ್ಲ ದೋಣಿಯಲ್ಲೇ ಕೂತು, ಬಂದವರನ್ನೆಲ್ಲ ಒದ್ದೆಬಟ್ಟೆಯಂತೆ ಎತ್ತಿ ಎತ್ತಿ ದಡಕ್ಕೆ ಹಾಕಿದ. ಒಂದು ಜೀವವೂ ಹೋಗಲಿಲ್ಲ. ಪುಸ್ತಕದಲ್ಲಿ ಒಂದು ಸಹಿಯೂ ಬೀಳಲಿಲ್ಲ. ದಡ ಸೇರಿದವರು ಪುಸ್ತಕ ಕಂಡರೆ ಅವನನ್ನು ಬೈಯುತ್ತಿದ್ದರು.

ವರ್ಷದ ಕೊನೆಗೆ ಪ್ರತಿನಿಧಿಗಳ ಕಾರ್ಯಕ್ಷಮತೆ ಪರಿಶೀಲನೆ ನಡೆಯಿತು. ಉಳಿದ ಹತ್ತು ಬಂದರುಗಳಲ್ಲಿ ಅತಿಥಿಗಳು ಬಂದಾಗ ಪ್ರತಿನಿಧಿಗಳು ಊಟಕ್ಕೋ ಮದುವೆಗೋ ಹೋಗಿದ್ದರು. ಏಳನೆಯದರಲ್ಲಿ ಮಾತ್ರ ಹದಿನೇಳರಲ್ಲಿ ಹದಿನಾರು ದೋಣಿಗಳ ಜೊತೆ ನೇರ ಸಂಪರ್ಕ ಸಾಧಿಸಲಾಗಿತ್ತು. ಇಂಥ ಸಾಧನೆ ಯಾರದೆಂದು ಪತ್ತೆಮಾಡಲು ಸಮಿತಿಯೊಂದನ್ನು ರಚಿಸಲಾಯಿತು. ಪುಸ್ತಕದಲ್ಲಿ ಸಹಿಯಿಲ್ಲದ್ದರಿಂದ ದರ್ಜಿಯದಲ್ಲವೆಂದು ಸಮಿತಿ ಮೊದಲ ಕೂಟದಲ್ಲೇ ತೀರ್ಮಾನಿಸಿತು. ಎರಡನೇ ಕೂಟದಲ್ಲಿ ಉಳಿದದ್ದು ಬಂಡೆ ಒಂದೇ.

ತನ್ನ ಸ್ಥಾನ ಬಿಟ್ಟು ಒಂದು ಕ್ಷಣವೂ ಕದಲದೆ, ರಜೆ ಕೇಳದೆ, ಮೇಲಿನವರಿಗೆ ಅರ್ಜಿ ಬರೆದು ಕಾಟ ಕೊಡದೆ ಸೇವೆ ಸಲ್ಲಿಸಿದ ಬಂಡೆಯನ್ನು ಏಳನೇ ಬಂದರಿನ ಖಾಯಂ ಸ್ವಯಂಸೇವಕ ಪ್ರತಿನಿಧಿಯಾಗಿ ನೇಮಿಸಲಾಯಿತು. ದರ್ಜಿಯನ್ನು ಅದರ ಸಹಾಯಕನನ್ನಾಗಿ ಮಾಡಿದರು.

ಕಾರ್ಯದರ್ಶಿ ಆದೇಶ ತಂದು ಕೊಟ್ಟಾಗ ದರ್ಜಿ ಅದನ್ನು ಎರಡು ಸಲ ಓದಿದ. "ಹಾಗಾದ್ರೆ ಬಂಡೆ ಇದೆ ಅಂತ ಸಂಘ ಒಪ್ಪಿಕೊಂಡಂಗಾಯ್ತಲ್ಲ ಸಾರ್. ಈಗ ತೇಲುಗುಂಡು ಕಟ್ಟಬಹುದಾ?"

"ಪ್ರತಿನಿಧಿಗೆ ಯಾರಾದ್ರೂ ಎಚ್ಚರಿಕೆಯ ಗುಂಡು ಕಟ್ತಾರೇನ್ರಿ? ಮರ್ಯಾದೆ ಪ್ರಶ್ನೆ," ಎಂದರು ಕಾರ್ಯದರ್ಶಿ. "ಅಷ್ಟು ಬೇಕಿದ್ರೆ ನಿಮ್ಮ ಮೇಲಧಿಕಾರಿಗಳ ಒಪ್ಪಿಗೆ ತಗೊಂಡು ಬನ್ನಿ."

ಅಣ್ಣ ಕಿಟಕಿಯಿಂದಲೇ ಅಂದ, "ನನ್ನ ಕಾಲು ಮುರಿದೋರು ಇಷ್ಟು ದೊಡ್ಡ ಮನುಷ್ಯರು ಅಂತ ಇವತ್ತು ಗೊತ್ತಾಯ್ತು. ಬಿಡೋ ತಮ್ಮ, ನಿನ್ನ ತಪ್ಪೇನಿಲ್ಲ."

ಇಷ್ಟು ವರ್ಷ ಕಾದಿದ್ದ ಮಾತು. ದರ್ಜಿಗೆ ಅಳು ಬಂತು, ಜೊತೆಗೆ ನಗುವೂ ಬಂತು. ಕಾರ್ಯದರ್ಶಿಗಳು ಎದುರಿಗಿದ್ದುದರಿಂದ ಎರಡನ್ನೂ ನುಂಗಿಕೊಂಡು ಆದೇಶಕ್ಕೆ ಸಹಿ ಹಾಕಿದ.

ಎಲ್ಲ ಪ್ರತಿನಿಧಿಗಳೂ ವಾರ್ಷಿಕ ಸಭೆಗೆ ಹಾಜರಿರತಕ್ಕದ್ದೆಂಬ ನಿಯಮವಿರುವುದರಿಂದ, ಬಂಡೆ ಬರಲಾಗದ ಕಾರಣ ಸಭೆಯೇ ಅಲ್ಲಿಗೆ ಹೋಯಿತು. ಒಂಬತ್ತು ದೋಣಿಗಳಲ್ಲಿ ಸದಸ್ಯರು ಹೊರಟರು. ಅಧ್ಯಕ್ಷರ ದೋಣಿ ಸಹಿತ ಆರು ದೋಣಿಗಳು ಸೀಳಿದವು. ದರ್ಜಿ ಒಬ್ಬೊಬ್ಬರನ್ನೇ ಎತ್ತಿ ತನ್ನ ದೋಣಿಗೆ ಹಾಕಿಕೊಂಡ. ಅಧ್ಯಕ್ಷರು ಕೆಮ್ಮಿ ನೀರು ಉಗುಳಿ, ಕೋರಂ ಇದೆಯೇ ಎಂದು ವಿಚಾರಿಸಿ, ಒದ್ದೆ ಬಟ್ಟೆಯಲ್ಲೇ ಸಭೆ ಆರಂಭಿಸಿದರು. ಏಳನೇ ಬಂದರಿನ ಪ್ರತಿನಿಧಿಗಳು ಸದಸ್ಯರನ್ನು ಖುದ್ದಾಗಿ ಬರಮಾಡಿಕೊಂಡರೆಂದು ನಡಾವಳಿಯಲ್ಲಿ ದಾಖಲಾಯಿತು. ಅವರ ಅಧಿಕಾರಾವಧಿಯನ್ನು ಇನ್ನೂ ಐದು ವರ್ಷ ವಿಸ್ತರಿಸುವ ಠರಾವು ಮಂಡನೆಯಾಯಿತು.

ಯಾರೂ ವಿರೋಧಿಸಲಿಲ್ಲ. ಸಹಾಯಕರ ಪರವಾಗಿ ದರ್ಜಿ ಅನುಮೋದಿಸಿದ.