ರೋಣಕ್ಕೆ ಕಂಟೇನರ್ ಇಳಿದದ್ದು

ರೋಣದ ನಮ್ಮ ಓಣಿಯಲ್ಲಿ ಯಾವ ಕೆಲಸವೂ ಸಪ್ಪಗೆ ನಡೆಯುವುದಿಲ್ಲ. ಅಲ್ಲಿ ನಾನಿರುವುದೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೇನೆ. ಕಂಪ್ಯೂಟರ್ ಕಲಿತ ನನ್ನ ಸೊಸೆ ಮನೆಯಲ್ಲೇ ಕೂತು ರೈತ ಸಂಘಕ್ಕೆ ಮಳೆ ಲೆಕ್ಕದ ವ್ಯವಸ್ಥೆ ಮಾಡಲು ಹೊರಟಾಗಲೂ ಹೀಗೇ ಆಯಿತು. ಸೋಮವಾರ ಸಂಘದವರು ಬಂದು ಒಪ್ಪಿದರೆ ಕೆಲಸ ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ.

ಲಾರಿ ಬರಲಿಲ್ಲ

"ಮಾವಾರ, ಇವತ್ತ ಕಂಟೇನರ್ ಇಳಸ್ತೀನ್ರಿ" ಅಂದಳು ಸೊಸೆ. ನಾನು ಓಣಿಗೆಲ್ಲ ಡಂಗುರ ಹೊಡೆದು, ಕಟ್ಟೆಯ ಮೇಲಿನ ಶೇಂಗಾ ಚೀಲ ಎತ್ತಿಸಿ, ಲಾರಿ ತಿರುಗಲು ಜಾಗ ಮಾಡಿಸಿದೆ. ಪಕ್ಕದ ಮನೆಯ ಅಡತಿ ವ್ಯಾಪಾರಿ ಹಗ್ಗ ಹಿಡಿದು ನಿಂತ. ಸಂಜೆಯಾದರೂ ಲಾರಿಯಿಲ್ಲ. ಒಳಗೆ ಹೋದರೆ ಸೊಸೆ ಲ್ಯಾಪ್‌ಟಾಪ್ ತೋರಿಸಿ, "ಆಗಲೇ ಇಳೀತ್ರಿ" ಅಂದಳು. ಪ್ರೋಗ್ರಾಂ ಓಡಲು ಬೇಕಾದದ್ದನ್ನೆಲ್ಲ ಒಟ್ಟಿಗೆ ಕಟ್ಟಿ, ಯಾವ ಯಂತ್ರದಲ್ಲಿ ಬಿಚ್ಚಿದರೂ ನಡೆಯುವಂತೆ ಮಾಡಿದ ಬುತ್ತಿಯೇ ಕಂಟೇನರ್ ಅಂತೆ. ಎಂಥಾ ತಲೆ!

"ನಡುವ ಬಿದ್ದರ?" ಅಂದೆ.

"ತಾನ ಎದ್ದು ಮತ್ತ ಕೆಲಸಾ ಹಿಡೀತೈತ್ರಿ."

ಹೆಂಡತಿ ನನ್ನ ಆರಾಮಕುರ್ಚಿಯತ್ತ ನೋಡಿ, "ಅಂಥಾದೊಂದು ಈ ಮನ್ಯಾಗ ಮೊದಲ ಬೇಕಾಗಿತ್ತವ್ವಾ!" ಅಂದಳು.

ಖರೇ ಹೇಳುವ ಯಂತ್ರ

ಸಂಘದ ಮಳೆ ಲೆಕ್ಕ ಕೂರುವುದು ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಖಾತೆಯಲ್ಲಿ; ಅಲ್ಲಿ ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು. ಆದರೆ ಅದಕ್ಕೆ ಕಣ್ಣಿಲ್ಲ. ಹೊರಗೆ ಮಳೆಯಾಯಿತೋ ಇಲ್ಲವೋ ಎಂದು ಅದಕ್ಕೆ ಹೇಳುವುದೇ ಸೊಸೆ ಆ ಕಂಟೇನರಿನಲ್ಲಿ ಕೂರಿಸಿದ ಒರಾಕಲ್ ನೋಡ್ ಎಂಬ ಪ್ರೋಗ್ರಾಂ. "ನಮ್ಮ ಮನ್ಯಾಗ ಖರೇ ಹೇಳೋ ಯಂತ್ರ ಬಂದೈತಿ" ಎಂದು ನಾನು ಸಂತೆಯಲ್ಲಿ ಸಾರಿದೆ. ಮರುದಿನವೇ ಅಬ್ಬಿಗೇರಿಯಿಂದ ಒಬ್ಬ ಹಿರಿಯರು ಮಗಳ ಜಾತಕ ಹಿಡಿದು ಹಾಜರ್! "ವರ ಯಾವ ದಿಕ್ಕಿನಿಂದ ಬರ್ತಾನ, ಕೇಳವ್ವಾ."

"ಕಾಕಾರ, ಇದಕ್ಕ ಮಳಿ ಅಷ್ಟ ತಿಳೀತೈತ್ರಿ. ಅದೂ ಬಂದ ಮ್ಯಾಲೆ."

"ಬಂದ ಮ್ಯಾಲೆ ನನಗೂ ತಿಳೀತೈತಲ್ಲವಾ, ಅಂಗಿ ತೊಯ್ತೈತಿ!"

ಮೂರೂರಿನ ಮಳೆ

ಸೋಮವಾರ ಬಂತು. ಮಳೆಮಾಪಕಗಳು ನಮ್ಮ ಮಾಳಿಗೆಯ ಮೇಲೊಂದು, ನರಗುಂದದ ಬೀಗರ ಮನೆಯಲ್ಲೊಂದು, ಗಜೇಂದ್ರಗಡದಲ್ಲಿ ಸೊಸೆಯ ಗೆಳತಿಯ ಮನೆಯಲ್ಲೊಂದು. ಸಂಘದ ಅಧ್ಯಕ್ಷರು ಚಹಾ ಕುಡಿಯುತ್ತ ಕೂತಿದ್ದರು. ಹೊರಗೆ ರಣಬಿಸಿಲು. ಬರೀ ಸೊನ್ನೆ ತೋರಿಸಿದರೆ ಯಂತ್ರ ಕೆಟ್ಟಿದೆ ಅಂದುಕೊಂಡಾರು, ಸೊಸೆಯ ಕೆಲಸ ಹೋದೀತು! ಮೆಲ್ಲಗೆ ಮಾಳಿಗೆ ಹತ್ತಿ ಮಾಪಕಕ್ಕೆ ಒಂದು ಕೊಡ ನೀರು ಸುರಿದು ಬಂದೆ.

ಅಧ್ಯಕ್ಷರು ಪರದೆ ನೋಡಿದರು, ಕಿಟಕಿ ನೋಡಿದರು. "ಏನವ್ವಾ ಇದು? ರೋಣ ಮುಳಗೇತೇನು?"

ಸೊಸೆಯ ಮುಖ ಬಿಳಿಚಿತು. ಆಮೇಲೆ ಅವಳ ಕಣ್ಣು ನನ್ನ ಒದ್ದೆ ಧೋತರದ ಮೇಲೆ ಬಿತ್ತು. ಎಲ್ಲರ ಕಣ್ಣೂ ಬಿತ್ತು.

"ನರಗುಂದ ಸೊನ್ನಿ, ಗಜೇಂದ್ರಗಡ ಸೊನ್ನಿರಿ" ಅಂದಳು. "ಮೂರರಾಗ ನಡುವಿನ ಅಂಕಿ ಅಷ್ಟ ಇದು ತಗೋತೈತಿ. ಬ್ಲಾಕ್‌ಚೈನಿಗೆ ಹೋಗಿದ್ದು ಸೊನ್ನಿನ. ಮಾವಾರ ಮಳಿ ಹೊರಗ ಉಳೀತು."

ಅಧ್ಯಕ್ಷರು ಕಪ್ಪು ಕೆಳಗಿಟ್ಟು ಎದ್ದೇ ನಿಂತರು. "ಇಷ್ಟ ವರ್ಷದಾಗ ಇವರ ಮಾತಿಗೆ ಮೋಸ ಹೋಗಲಾರದ್ದು ಇಡೀ ತಾಲೂಕಿನಾಗ ಇದೊಂದ! ಕೆಲಸಾ ನಿನ್ನದವ್ವಾ."