ಕಣ್ಣು ಮುಚ್ಚಿ ಬರೆದ ಶೇಕಡಾ

ಲಾರಿ ತೂಗುವ ಕಟ್ಟೆಯ ಗುಮಾಸ್ತನಿಗೆ ಎಲ್ಲರೂ ಇಟ್ಟ ಹೆಸರು ತಕ್ಕಡಿ. ಹತ್ತು ಕಿಲೋ ಹೆಚ್ಚುಕಮ್ಮಿಯಾದರೂ ಲಾರಿಯನ್ನು ವಾಪಸ್ ಕಳಿಸುವ ಪುಣ್ಯಾತ್ಮ! ಅವನ ಮಗಳು ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಲ್ಲಿ ಗೋಲ್‌ಕೀಪರ್. ಫೈನಲ್‌ಗೆ ಅವಳೋ, ತಂಡದ ಇನ್ನೊಬ್ಬ ಗೋಲ್‌ಕೀಪರೋ? ನೂರು ಹೊಡೆತಕ್ಕೆ ಯಾರು ಎಷ್ಟು ತಡೆದರು ಎಂಬ ಲೆಕ್ಕ ನೋಡಿಯೇ ಆರಿಸುತ್ತೇನೆ ಎಂದು ಕೋಚ್ ಹೇಳಿದ್ದೇ ತಡ, ತಕ್ಕಡಿ ಎದೆಯುಬ್ಬಿಸಿದ.

"ನನ್ನ ಮಗಳ ಲೆಕ್ಕದ ಪುಸ್ತಕ ನನಗೇ ಕೊಡಿ. ನನ್ನ ಕಣ್ಣು ತಪ್ಪಿಸಿ ಸಾಸಿವೆ ಕಾಳೂ ಹೋಗಲ್ಲ!"

ಮೂರು ಪಂದ್ಯ ಬರೆದ. ಆಮೇಲೆ ಆಟಗಾರ್ತಿಯರ ಕೋಣೆಯಲ್ಲಿ ಎಲ್ಲರೆದುರು ಗೆರೆ ಎಳೆದು ಕೂಡಿದ. ಹೊಡೆತ ಹತ್ತೊಂಬತ್ತು, ಗೋಲು ಏಳು. ತಡೆದದ್ದು ಶೇಕಡಾ ಅರವತ್ತಮೂರು! ಇನ್ನೊಬ್ಬಳದು ಎಂಬತ್ತೆಂಟು. ಮತ್ತೆ ಕೂಡಿದ, ಕೆಳಗಿನಿಂದ ಮೇಲಕ್ಕೂ ಕೂಡಿದ. ಶೇಕಡಾ ಕದಲಲಿಲ್ಲ. ಹಾಗಾದರೆ ಇವಳು ಬೆಂಚಿಗೆ ಎಂದ ಕೋಚ್. ಮಗಳು ತುಟಿ ಕಚ್ಚಿಕೊಂಡು ಕಾಲಿನ ಪ್ಯಾಡು ಬಿಚ್ಚತೊಡಗಿದಳು. ತಕ್ಕಡಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಮೂಲೆಯಲ್ಲಿ ಮಫ್ಲರ್ ಹೆಣೆಯುತ್ತಿದ್ದ ಹೆಂಡತಿ ಕಡ್ಡಿ ನಿಲ್ಲಿಸಿದಳು.

"ರೀ, ಬರೀ ಹತ್ತೊಂಬತ್ತಾ?"

"ನಾನು ನೋಡಿದ್ದು ಅಷ್ಟೇ."

"ಅದಂತೂ ನಿಜ."

ಆಮೇಲೆ ಅವಳೇ ಮೆಲ್ಲಗೆ ಬಿಡಿಸಿ ಹೇಳಿದಳು. ಆ ಗಟ್ಟಿ ರಬ್ಬರ್ ಬಿಲ್ಲೆ ಮಗಳ ಕಡೆ ನುಗ್ಗಿತೆಂದರೆ ಈ ಮಹಾರಾಯ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ. ಜನ ಹೋ ಎಂದರೆ ಮಾತ್ರ ಕಣ್ಣು ಬಿಡುತ್ತಿದ್ದ. ಗೋಲಾದರೆ ಹೋ ಎನ್ನದವರುಂಟೇ? ತಡೆದದ್ದಕ್ಕೆ ಹೋ ಎಂದದ್ದು ಎಲ್ಲೋ ಹನ್ನೆರಡು ಸಲ. ಮಗಳು ಸದ್ದಿಲ್ಲದೆ ತಡೆದದ್ದೆಲ್ಲ ಪ್ರಾರ್ಥನೆಯಲ್ಲೇ ಕರಗಿಹೋಗಿತ್ತು.

ಅವಳು ಕೋಚ್ ಮುಂದೆ ಮಫ್ಲರ್ ಹಾಸಿದಳು. ಶೇಕಡಾ ಗಿಕಡಾ ತನಗೆ ಬಾರದು, ಎದೆ ಹೊಡೆದುಕೊಳ್ಳದಿರಲಿ ಎಂದು ಆ ಮೂರೂ ಪಂದ್ಯದಲ್ಲಿ ಮಗಳು ತಡೆದಾಗ ಒಂದು ಕೆಂಪು ಸಾಲು, ಗೋಲಾದಾಗ ಒಂದು ಬಿಳಿ ಸಾಲು ಹೆಣೆದಿದ್ದೆ ಎಂದಳು.

ಕೋಚ್ ಮಂಡಿಯೂರಿ ಬೆರಳಿಟ್ಟು ಎಣಿಸಿದ. ಕೆಂಪು ಅರವತ್ತಮೂರು, ಬಿಳಿ ಏಳು. ಪುಸ್ತಕದ ಏಳು ಗೋಲಿಗೂ ಸರಿಹೋಯಿತು. ಶೇಕಡಾ ತೊಂಬತ್ತು!

ಮಗಳು ಪ್ಯಾಡಿನ ಪಟ್ಟಿ ಮತ್ತೆ ಬಿಗಿದಳು. ತಕ್ಕಡಿ ಎಲ್ಲ ದೇವರ ದಯೆ ಎಂದು ಗೊಣಗಿದ.

"ದೇವರು ಕಣ್ಣು ಬಿಟ್ಟಿದ್ದ ಅಪ್ಪಾ, ಮುಚ್ಚಿದ್ದು ನೀನು. ಎಪ್ಪತ್ತು ಹೊಡೆತದಲ್ಲಿ ನಾನು ಬಿಟ್ಟಿದ್ದು ಏಳು. ನೀನು ಬಿಟ್ಟಿದ್ದು ಐವತ್ತೊಂದು. ಈಗ ಬೆಂಚಿಗೆ ಯಾರು?"

ಫೈನಲ್ ದಿನ ಪುಸ್ತಕ ಹೆಂಡತಿಯ ತೊಡೆಯ ಮೇಲಿತ್ತು. ಸಾಸಿವೆ ಕಾಳನ್ನೂ ಬಿಡದ ತಕ್ಕಡಿ ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೈಯಲ್ಲಿ ಉಣ್ಣೆಯ ಉಂಡೆ ಹಿಡಿದು, ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ: "ಕೆಂಪಾ ಬಿಳಿಯಾ, ಮಾರಾಯ್ತಿ?"