ಕ್ಲೈಡ್ ಗೋತ್ರದ ನೆಂಟರು

ನಮ್ಮ ಬೀಗರಿಗೆ ಸ್ಕಾಟ್ಲೆಂಡಿನಲ್ಲಿ ನೂರಾರು ನೆಂಟರಿದ್ದಾರೆ. ಎಲ್ಲರೂ ಹೆಂಗಸರು, ಎಲ್ಲರೂ ಕಬ್ಬಿಣದವರು, ಮತ್ತು ಬಹುಪಾಲು ಮಂದಿ ಮುಳುಗಿಹೋಗಿದ್ದಾರೆ! ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಹೆಣ್ಣು ಕೊಟ್ಟವನು ಬೀಗರ ವಿಷಯದಲ್ಲಿ ತಮಾಷೆ ಮಾಡುವುದುಂಟೆ?

ಬೀಗರು ಹಡಗಿನಲ್ಲಿ ಎಂಜಿನಿಯರಾಗಿದ್ದವರು. ಅವರ ಯೌವನವೆಲ್ಲ ಕಳೆದದ್ದು ಒಂದೇ ಸರಕು ಹಡಗಿನ ಹೊಟ್ಟೆಯೊಳಗೆ. ಆ ಹಡಗು ಹುಟ್ಟಿದ್ದು ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯ ಒಂದು ಕಾರ್ಖಾನೆಯಲ್ಲಿ. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ನಮ್ಮ ಬೀಗರ ಬಾಯಲ್ಲಿ ಅದು ದಿನವೂ ಬಾಗಿಲು ತೆರೆಯುತ್ತದೆ! ಒಬ್ಬ ಕಮ್ಮಾರ ಮೀನುಗಾರರ ದೋಣಿಗೆ ಮೊಳೆ ಹೊಡೆಯುತ್ತ ಅದನ್ನು ಆರಂಭಿಸಿದ್ದು, ಮರ ಹೋಗಿ ಕಬ್ಬಿಣ ಬಂದದ್ದು, ಬರ್ಮಾದ ನದಿಗಳಿಗೆಂದು ಕಟ್ಟಿದ ಹಡಗುಗಳನ್ನು ಮತ್ತೆ ಬಿಚ್ಚಿ, ಹಲಗೆ ಹಲಗೆಯಾಗಿ ಕಳುಹಿಸಿ, ಅಲ್ಲಿ ಪುನಃ ಜೋಡಿಸಿದ್ದು. ನದಿ ಕಿರಿದಾದ್ದರಿಂದ ನೀರಿಗಿಳಿದ ಹಡಗು ಎದುರು ದಂಡೆಗೆ ಹೋಗಿ ಬಡಿಯದಂತೆ ರಾಶಿ ರಾಶಿ ಸರಪಳಿ ಕಟ್ಟಿ ಹಿಂದಕ್ಕೆ ಜಗ್ಗುತ್ತಿದ್ದರಂತೆ. "ಗಂಡನ ಮನೆಗೆ ಹೊರಟ ಮಗಳ ಸೆರಗು ಹಿಡ್ಕೊಂಡ ಹಾಗೆ, ಬೀಗ್ರೇ!" ಎನ್ನುವಾಗ ಅವರ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಕೆಲಸವೆಲ್ಲ ಜಪಾನು, ಕೊರಿಯಾಗಳ ಪಾಲಾಗಿ ಕಾರ್ಖಾನೆಗೆ ಬೀಗ ಬಿತ್ತು. ಈಗ ಅಲ್ಲಿ ತರಕಾರಿ ಮಾರುತ್ತಾರಂತೆ.

ತಮ್ಮ ಹಡಗಿನ ಹೆಸರನ್ನು ಮಾತ್ರ ಬೀಗರು ಎಂದೂ ಹೇಳಿದವರಲ್ಲ. ಕೇಳಿದರೆ, "ಹಿರೇ ಹೆಂಗಸು. ಹೆಸರು ಹಿಡಿದು ಕರೆಯೋದು ಮರ್ಯಾದೆ ಅಲ್ಲ" ಎಂದುಬಿಡುತ್ತಾರೆ. ಎಲ್ಲದಕ್ಕೂ 'ಅವಳು' ಅಷ್ಟೆ.

ಇಷ್ಟೆಲ್ಲ ನನಗೆ ಹೇಗೆ ತಿಳಿಯಿತೆನ್ನುವಿರೋ? ಅಮೆರಿಕದ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿರುವ ಮಗಳ ಮನೆಗೆ ಆ ವರ್ಷ ನಾವಿಬ್ಬರೂ ಒಟ್ಟಿಗೆ ಬಂದಿಳಿದಿದ್ದೆವು. ಮಗಳೂ ಅಳಿಯನೂ ಬೆಳಿಗ್ಗೆ ಆಫೀಸಿಗೆ ಹೊರಟರೆಂದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಬೀಗರು ಮತ್ತು ಸತ್ತ ಹಡಗುಗಳು.

ಬಂದ ಹೊಸತು. ನಾನು ಮಡಿಯುಟ್ಟು ಪೂಜೆಗೆ ಕುಳಿತಿದ್ದೆ. ಬೀಗರು ಬಾಗಿಲ ಬಳಿ ಬಂದು ನಿಂತರು.

"ಅವಳ ಅಕ್ಕ ಹೋಗ್ಬಿಟ್ಲು, ಬೀಗ್ರೇ."

"ಶಿವ ಶಿವಾ! ಏನಾಗಿತ್ತು?"

"ವಯಸ್ಸಾಗಿತ್ತು. ದಡಕ್ಕೆ ಎಳ್ದು ಹಾಕಿ, ಗ್ಯಾಸ್ ಕಟರ್ ಇಟ್ಟು ತುಂಡು ತುಂಡು ಮಾಡಿದ್ರಂತೆ."

ನನ್ನ ಕೈಯ ಉದ್ಧರಣೆ ಜಾರಿ ಬಿತ್ತು. ಯಾವ ಪಾಪಿಗಳಪ್ಪ ಇವರು! ಪೂಜೆಯನ್ನು ಅಲ್ಲಿಗೇ ನಿಲ್ಲಿಸಿ, ಬಚ್ಚಲಿಗೆ ಓಡಿ ತಲೆಯ ಮೇಲೆ ನೀರು ಸುರಿದುಕೊಂಡೆ. ನಡುಗುತ್ತ ಹೊರಗೆ ಬಂದ ಮೇಲೆ ವಿಷಯ ತಿಳಿಯಿತು: ಒಂದೇ ನಕ್ಷೆಯಿಂದ ಕಟ್ಟಿದ ಹಡಗುಗಳನ್ನು ಆ ವೃತ್ತಿಯವರು ಅಕ್ಕತಂಗಿಯರು ಎನ್ನುತ್ತಾರಂತೆ. ಬೀಗರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವ್ಯಾಕೆ ಸ್ನಾನ ಮಾಡಿದ್ರಿ? ನಿಮಗೆ ದೂರದ ಸಂಬಂಧ. ಸೂತಕ ಬರಲ್ಲ" ಎಂದು ಸಮಾಧಾನ ಹೇಳಿದರು!

ಅಂದಿನಿಂದ ನನಗೊಂದು ಆತಂಕ ಅಂಟಿಕೊಂಡಿತು. ಈ ಮನುಷ್ಯ ಯಾವಾಗ, ಎಲ್ಲಿ, ಏನು ಮಾಡಿಯಾರು? ಮಗಳು ಬೇರೆ ಹೊರಡುವಾಗಲೆಲ್ಲ, "ಅಪ್ಪ, ಮಾವನ್ನ ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಿದ್ದಳು. ಅತ್ತ ಮಾವ, "ಅಮ್ಮಾ, ನಿಮ್ಮ ತಂದೇನ ನಾನು ನೋಡ್ಕೋತೀನಿ ಬಿಡು" ಎನ್ನುತ್ತಿದ್ದರು.

ಒಂದು ಭಾನುವಾರ ಸಿಯಾಟಲ್ಲಿನಿಂದ ಆಚೆ ದಡಕ್ಕೆ ಫೆರ್ರಿಯಲ್ಲಿ ಹೊರಟೆವು. ಉಳಿದವರೆಲ್ಲ ಮೇಲೆ ನಿಂತು ಹಿಮದ ಬೆಟ್ಟ ನೋಡುತ್ತಿದ್ದರೆ ಬೀಗರು ಕಾಣೆ! ಅಷ್ಟಾಕ್ಷರಿ ಜಪಿಸುತ್ತ ಕೆಳಗಿಳಿದು ಹುಡುಕಿದರೆ, ಕಾರು ನಿಲ್ಲಿಸುವ ಅಂತಸ್ತಿನ ಒಂದು ಮೂಲೆಯಲ್ಲಿ ಮಂಡಿಯೂರಿ, ಕಬ್ಬಿಣದ ಗೋಡೆಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿದ್ದಾರೆ. ಸುತ್ತ ಜನ. ಯಾರೋ ಡಾಕ್ಟರನ್ನು ಕೂಗುತ್ತಿದ್ದಾರೆ. ಅಳಿಯನಿಗೆ ಏನೆಂದು ಹೇಳಲಿ?

ಬೀಗರು ನಿಧಾನವಾಗಿ ಕಣ್ಣು ತೆರೆದರು. "ಇಲ್ಲೇ ಅಮೆರಿಕದಲ್ಲಿ ಹುಟ್ಟಿದೋಳು. ಮನೆತನ ಅಷ್ಟಕ್ಕಷ್ಟೆ. ಆದ್ರೆ ಉಸಿರು ಸರಿಯಾಗಿದೆ, ಬೀಗ್ರೇ" ಎಂದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೇಳುವ ಧಾಟಿಯಲ್ಲಿ!

ಇವೆಲ್ಲ ಸಣ್ಣ ಆತಂಕಗಳು. ದೊಡ್ಡದು ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಬಂತು. ವೈದಿಕ ಕರ್ಮಗಳನ್ನು ಗುರುಮುಖೇನ ಕಲಿತು, ನಾಲ್ಕು ಮಂದಿಗೆ ಕಲಿಸಿದವನು ನಾನು. ಮನೆಯ ಹತ್ತಿರದ ಸರೋವರದ ದಂಡೆಯಲ್ಲಿ ಇಬ್ಬರೂ ತರ್ಪಣ ಕೊಡುವುದೆಂದೂ, ಮಂತ್ರ ನಾನು ಹೇಳಿಕೊಡುವುದೆಂದೂ ಮಾತಾಗಿತ್ತು. ಬೀಗರು ಕಾಫಿಯ ಲೋಟ ಕೆಳಗಿಟ್ಟು, "ಅವಳಿಗೂ ಒಂದು ಹೇಳಿಕೊಟ್ಬಿಡಿ" ಎಂದರು.

"ಯಾರಿಗೆ?"

"ಅವಳಿಗೆ."

"ಹಡಗಿಗೆ ತರ್ಪಣವೇ! ಬೀಗರೇ, ತರ್ಪಣಕ್ಕೆ ಗೋತ್ರ ಬೇಕು."

"ಕ್ಲೈಡ್ ಗೋತ್ರ."

"ಮೂರು ತಲೆಮಾರು ಬೇಕು."

"ತಂದೆ ಕಾರ್ಖಾನೆ. ಅಜ್ಜ ಆ ಕಮ್ಮಾರ. ಮುತ್ತಜ್ಜ ಆ ನದಿ. ಸಾಕಾ?"

ಮುತ್ತಜ್ಜನ ಹೆಸರು ಕೇಳಿದರೆ ಊರಿಗೆ ಫೋನು ಮಾಡುವ ಯಜಮಾನರನ್ನು ನಾನು ಬೇಕಾದಷ್ಟು ಕಂಡಿದ್ದೇನೆ!

ಅಂದಿನಿಂದ ನನಗೆ ಊಟ ಸೇರಲಿಲ್ಲ. ಒಪ್ಪಿದರೆ ಶಾಸ್ತ್ರಕ್ಕೆ ದ್ರೋಹ. ಒಪ್ಪದಿದ್ದರೆ ಮಗಳ ಮಾವನ ಮನಸ್ಸಿಗೆ ನೋವು. ಪಿತೃಗಳು ವರ್ಷಕ್ಕೊಮ್ಮೆ ಬಾಯಾರಿ ಬಂದು ಸಾಲಾಗಿ ನಿಂತಿರುವಾಗ ನಡುವೆ ಒಂದು ಸರಕು ಹಡಗು ನುಗ್ಗಿದರೆ ನಮ್ಮ ಅಜ್ಜ ಏನೆಂದಾರು? ಮಗಳಿಗೆ ಹೇಳಿಕೊಂಡೆ.

"ಒಂದ್ ಸ್ಪೂನ್ ನೀರು ತಾನೆ ಅಪ್ಪ? ಅಡ್ಜಸ್ಟ್ ಮಾಡ್ಕೊಳ್ಳಿ, ಪ್ಲೀಸ್."

ಒಂದು ಸ್ಪೂನ್ ನೀರಂತೆ! ನನ್ನ ಗುರುಗಳು ಕೇಳಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು.

ಅಮಾವಾಸ್ಯೆ ಬಂತು. ಮಂಜು ಮುಸುಕಿದ ದಂಡೆ, ಕೊರೆಯುವ ನೀರು, ನಾಯಿ ಹಿಡಿದು ಓಡುವವರು. ವಿಮಾನದಲ್ಲಿ ಸಮುದ್ರ ದಾಟಿಸಿ ತಂದ ದರ್ಭೆಯನ್ನು ಒಂದು ಬಾತು ಬಹಳ ಆಸಕ್ತಿಯಿಂದ ನೋಡುತ್ತಿತ್ತು. ನನ್ನ ತರ್ಪಣ ಮುಗಿಯಿತು. ಬೀಗರ ಪಿತೃಗಳದ್ದೂ ಮುಗಿಯುತ್ತ ಬಂತು. ನಾನು ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೇಳಿದೆ: "ಬೀಗರೇ, ಬೇಸರಿಸಬಾರದು. ಇನ್ನೊಂದು ನನ್ನಿಂದಾಗದು."

ಅವರು ಬೇಸರಿಸಲಿಲ್ಲ. ನೀರನ್ನೇ ನೋಡುತ್ತ ನಿಂತರು.

"ನಮ್ಮ ತಂದೆ ಹೋದಾಗ ನಡುಸಮುದ್ರದಲ್ಲಿದ್ದೆ, ಬೀಗ್ರೇ. ರೇಡಿಯೋ ಆಫೀಸರು ಬಂದು ಸುದ್ದಿ ಹೇಳಿದ್ರು. ಇಳಿಯೋಣ ಅಂದ್ರೆ ನೆಲ ಇಲ್ಲ. ಅಳೋಣ ಅಂದ್ರೆ ನಮ್ಮೋರು ಅನ್ನೋರಿಲ್ಲ. ಕೆಳಗೆ ಹೋಗಿ ಅವಳ ಗೋಡೆಗೆ ಕೆನ್ನೆ ಕೊಟ್ಟು ಕೂತೆ. ಬೆಚ್ಚಗಿತ್ತು. ಅವಳೂ ನನ್ನ ಜೊತೇಲಿ ನಡುಗ್ತಾನೇ ಇದ್ಲು. ಹತ್ತನೇ ದಿನ ಅವಳ ಹಿಂಭಾಗದಲ್ಲಿ ನಿಂತು ನನಗೆ ತಿಳಿದ ಹಾಗೆ ಪಿಂಡ ಬಿಟ್ಟೆ. ನಮ್ಮ ತಂದೆಗೆ ನಾನು ಮಗ ಅನ್ನಿಸ್ಕೊಂಡಿದ್ದು ಅವಳ ಮೇಲೆ ನಿಂತು. ಈಗ ಅವಳೂ ಇಲ್ಲ, ಹಡೆದ ಮನೇನೂ ಇಲ್ಲ. ನಾನು ಹೋದ್ಮೇಲೆ ಅವಳು ಇದ್ಲು ಅನ್ನೋಕೂ ಯಾರಿಲ್ಲ. ಅದಕ್ಕೆ ಕೇಳ್ದೆ."

ಫೆರ್ರಿಯ ಗೋಡೆಗೆ ಒತ್ತಿದ್ದ ಆ ಕೆನ್ನೆ ನನ್ನ ಕಣ್ಣ ಮುಂದೆ ಬಂತು.

ತರ್ಪಣದ ಕೊನೆಯಲ್ಲಿ, ದರ್ಭೆ ಬಿಡುವ ಮುನ್ನ, ಒಂದು ಬೊಗಸೆ ನೀರಿದೆ. ತಾಯಿಯಿಲ್ಲದವರಿಗೆ, ತಂದೆಯಿಲ್ಲದವರಿಗೆ, ನೆನೆಯಲು ಬಂಧುಗಳಿಲ್ಲದವರಿಗೆ. ಬ್ರಹ್ಮನಿಂದ ಹಿಡಿದು ಹುಲ್ಲುಕಡ್ಡಿಯವರೆಗೆ. ಜೀವಮಾನವೆಲ್ಲ ಅದನ್ನು ಬಾಯಿಪಾಠ ಹೇಳಿಕೊಟ್ಟಿದ್ದೇನೆ. ಆ ನೀರು ಯಾರ ಬಾಯಿಗೆ ಹೋಗುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹುಲ್ಲುಕಡ್ಡಿಗೆ ಎಡೆಯಿರುವಲ್ಲಿ ಕಬ್ಬಿಣಕ್ಕೆ ಇರಬಾರದೆ?

"ಕೈ ಹಿಡಿಯಿರಿ, ಬೀಗರೇ."

ಅವರ ಬೊಗಸೆಗೆ ಎಳ್ಳು ಹಾಕಿ, ತಂಬಿಗೆಯಿಂದ ನೀರೆರೆದು, "ಹೆಸರು ಹೇಳಬೇಕು" ಎಂದೆ.

ಬೀಗರು ಅತ್ತಿತ್ತ ನೋಡಿ, ನನ್ನ ಕಿವಿಯ ಬಳಿ ಬಾಗಿ, ಅದುವರೆಗೆ ಯಾರಿಗೂ ಹೇಳದ ಆ ಹೆಸರನ್ನು ಮೆಲ್ಲಗೆ ಹೇಳಿದರು. ನಾನು ಅದನ್ನು ಮಂತ್ರದೊಳಗೆ ಸೇರಿಸಿ ನೀರಿಗೆ ಬಿಡಿಸಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿರಿಯ ಹೆಂಗಸು, ಈಗ ನನಗೂ ನೆಂಟಳು.